ಬಾಡಿಗೆ ಕಾರಿನಲ್ಲಿ ಇಸವಿ ಹಿಡಿದು ಮೈಸೂರು

ಮೈಸೂರು ನೋಡಲು ಬರುವ ಗೆಳೆಯರಿಗೆ ನಾನು ಹೇಳೋದು ಒಂದೇ: ಒಂದು ದಿನಕ್ಕೆ ಕಾರು, ಡ್ರೈವರ್ ಗೊತ್ತುಮಾಡಿಕೊಳ್ಳಿ. ಟೂರ್ ಬಸ್ಸಿನವರು ಅವರ ದಾರಿಗೆ ಅನುಕೂಲವಾದ ಹಾಗೆ ಊರು ತೋರಿಸ್ತಾರೆ. ಕಾರಾದರೆ ಇಸವಿಯ ಪ್ರಕಾರ ನೋಡಬಹುದು.

ಮೊದಲು ಜಗನ್ಮೋಹನ ಅರಮನೆ ಹತ್ತಿರ ನಿಲ್ಲಿಸಲು ಹೇಳಿ. ಕಟ್ಟಿದ್ದು 1861ರಲ್ಲಿ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ ಹೊತ್ತಿಗೆ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಹೊಸದು ಮುಗಿದದ್ದು 1912ಕ್ಕೆ. ನಡುವಿನ 15 ವರ್ಷ ರಾಜಮನೆತನಕ್ಕೆ ಆಸರೆಯಾದದ್ದು ಈ ಜಗನ್ಮೋಹನ. 1902ರಲ್ಲಿ ನಾಲ್ವಡಿಯವರು ಲಾರ್ಡ್ ಕರ್ಜನ್ ಎದುರು ಅಧಿಕಾರ ವಹಿಸಿಕೊಂಡದ್ದೂ ಇಲ್ಲೇ.

ಆಮೇಲೆ ದೊಡ್ಡ ಅರಮನೆಗೆ ಹೋಗಿ. ಹೆನ್ರಿ ಇರ್ವಿನ್ ನಕ್ಷೆಯ ಆ ಕಟ್ಟಡದಲ್ಲಿ ಮರದ ಜಾಗಕ್ಕೆ ಕಲ್ಲು, ಕಬ್ಬಿಣ ಯಾಕೆ ಬಂತು ಅಂತ ಗೈಡ್ ಹೇಳಬೇಕಾಗಿಲ್ಲ. ಬಸ್ಸಿನಲ್ಲಿ ಬಂದು ನೇರ ಒಳಗೆ ಹೊಕ್ಕವರಿಗೆ ಬರೀ ಬಂಗಾರದ ಬಣ್ಣ ಕಾಣುತ್ತೆ, ಬೆಂಕಿ ಕಾಣೋದಿಲ್ಲ.

ಇದೇನು ಹೊಸ ಪದ್ಧತಿಯಲ್ಲ. ಹಿಂದೆ ಟಾಂಗಾ ಗೊತ್ತುಮಾಡಿಕೊಂಡು ಹೀಗೇ ಸುತ್ತುತ್ತಿದ್ದರು. ಅರಮನೆ ಸುತ್ತಮುತ್ತ ಕೆಲವು ಟಾಂಗಾಗಳು ಈಗಲೂ ಉಳಿದಿವೆ; ಕಾರು ಬಿಟ್ಟು ಅರ್ಧ ಗಂಟೆ ಅದರಲ್ಲೂ ಕೂತುಬನ್ನಿ. ಅವರ ಹೊಟ್ಟೆಪಾಡೂ ನಡೆಯಬೇಕಲ್ಲ.

ಅಂದಹಾಗೆ ಗಂಟೆ, ಕಿಲೋಮೀಟರ್, ಡ್ರೈವರ್ ಬಾಟಾ ಎಲ್ಲ ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ!