ಮ್ಯಾಪ್ ರಸ್ತೆಗೂ ಬೀಗ ಯಾಕೆ? (ಭಾಗ 3)

2006ರಲ್ಲಿ ಇಸ್ರೇಲ್‌ನ ಏಹುದ್ ಶಬ್ತಾಯ್ 'ಫ್ರೀಮ್ಯಾಪ್ ಇಸ್ರೇಲ್' ಶುರು ಮಾಡಿದ್ರು. ಜನರೇ ಸೇರಿ ಮಾಡೋ ಮ್ಯಾಪ್. ಅದೇ ಮುಂದೆ ವೇಜ್ ಆಯ್ತು, 2013ರಲ್ಲಿ ಗೂಗಲ್ ಕೊಂಡುಕೊಳ್ತು.

ಇಲ್ಲಿ ತಿದ್ದೋರಿಗೆ ಸಂಬಳ ಇಲ್ಲ, ಲೆವೆಲ್ ಇದೆ: 1ರಿಂದ 6. ಹೊಸಬರು ತಾವು ಗಾಡಿ ಓಡಿಸಿದ ದಾರಿಯ ಆಸುಪಾಸು ಮಾತ್ರ ತಿದ್ದಬಹುದು. ಲೆವೆಲ್ 5ಕ್ಕೆ ಲಾಕ್ ಆದ ರಸ್ತೆಯನ್ನ 4ನೇ ಲೆವೆಲ್‌ನವರು ಮುಟ್ಟೋ ಹಾಗಿಲ್ಲ, ಮೇಲಿನವರನ್ನ ಕೇಳ್ಬೇಕು.

ದೊಡ್ಡಸ್ತಿಕೆ ಅನ್ಸುತ್ತೆ ಅಲ್ವಾ? ಆದ್ರೆ ಹೈವೇಲಿ ಒಂದು ತಪ್ಪು ಗೆರೆ ಎಷ್ಟು ಜನರ ದಾರಿ ಕೆಡಿಸುತ್ತೆ ಯೋಚಿಸಿ.

ಗೂಗಲ್‌ನದೇ ಮ್ಯಾಪ್ ಮೇಕರ್ ನೋಡಿ. 2015ರಲ್ಲಿ ಯಾರೋ ರಾವಲ್ಪಿಂಡಿ ಹತ್ರ ಮ್ಯಾಪ್ ಮೇಲೆ ಆಪಲ್‌ನ ಅಣಕಿಸೋ ಚಿತ್ರ ಬಿಡಿಸಿದ್ರು. ಕೆಲ ತಿಂಗಳು ಪ್ರಾಮಾಣಿಕರಿಗೂ ಎಡಿಟಿಂಗ್ ಬಂದ್. 2017ರಲ್ಲಿ ಪೂರ್ತಿ ಮುಚ್ತು.

ಬೀಗ ಇರ್ಲಿ ಬಿಡಿ. ಕೀಲಿ ಮಾತ್ರ ದುಡಿದವರ ಕೈಗೆ ಸಿಗ್ಬೇಕು.