ಸ್ವಯಂನಿರ್ಮಿತ ಲಘು ವಿಮಾನಗಳಲ್ಲಿ ಕಾರಿನ ಎಂಜಿನ್: ಪ್ರೊಪೆಲ್ಲರ್ ವೇಗ ತಗ್ಗಿಸುವ ಗೇರ್‌ಬಾಕ್ಸ್‌ನ ಆಯ್ಕೆ

(ಕೆ.ಜಿ.ಎಫ್. ಮತ್ತು ಬಂಗಾರಪೇಟೆ ತಾಲ್ಲೂಕುಗಳ ಅರ್ಜಿದಾರರ ಮಾಹಿತಿಗಾಗಿ)

ಕಾರಿನ ಎಂಜಿನ್ ಅಳವಡಿಸಿದ ಲಘು ವಿಮಾನವನ್ನು ಸ್ವತಃ ನಿರ್ಮಿಸಿ ಹಾರಿಸಲು ಅನುಮತಿ ಕೋರುವವರು ಎಂಜಿನ್ ಮತ್ತು ಪ್ರೊಪೆಲ್ಲರ್ ನಡುವಿನ ಗೇರ್‌ಬಾಕ್ಸ್‌ಗೆ ವಿಶೇಷ ಗಮನ ನೀಡತಕ್ಕದ್ದು. 1964ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಸಂಸ್ಥೆಯ ಕೆ.ಜಿ.ಎಫ್. ಘಟಕದಲ್ಲಿ ಭಾರೀ ಯಂತ್ರಗಳ ಟ್ರಾನ್ಸ್‌ಮಿಷನ್ ಹಾಗೂ ಆಕ್ಸಲ್‌ಗಳು ತಯಾರಾಗುತ್ತವೆ. 2001ರ ಫೆಬ್ರವರಿ 28ರಂದು ಮುಚ್ಚಲ್ಪಟ್ಟ ಚಿನ್ನದ ಗಣಿಗಳ ಕಾಲದಿಂದಲೂ ಇದು ಯಂತ್ರಕೆಲಸ ಬಲ್ಲ ಪ್ರದೇಶ. ಹೀಗಾಗಿ ಇಲ್ಲಿ ಗೇರ್ ಕತ್ತರಿಸಿಕೊಡುವವರನ್ನು ಹುಡುಕುವುದು ದೊಡ್ಡ ಸಮಸ್ಯೆಯಾಗಲಾರದು. ಹಾಗೆ ಕತ್ತರಿಸಿದ ಗೇರ್ ಆ ಎಂಜಿನ್ ಮತ್ತು ಆ ಪ್ರೊಪೆಲ್ಲರ್ ಜೊತೆ ಗಾಳಿಯಲ್ಲಿ ಉಳಿದೀತೇ ಎಂಬುದು ಬೇರೆಯೇ ಪ್ರಶ್ನೆಯಾಗಿರುತ್ತದೆ.

ವೇಗ ತಗ್ಗಿಸುವ ಅಗತ್ಯ

ಕಾರಿನ ಎಂಜಿನ್ ತನ್ನ ಪೂರ್ಣ ಶಕ್ತಿಯನ್ನು ನಿಮಿಷಕ್ಕೆ 5000ರಿಂದ 6000 ಸುತ್ತುಗಳಲ್ಲಿ ನೀಡುತ್ತದೆ. 1.7 ಮೀಟರ್ ವ್ಯಾಸದ ಪ್ರೊಪೆಲ್ಲರನ್ನು ನೇರವಾಗಿ 5500 ಸುತ್ತಿನಲ್ಲಿ ತಿರುಗಿಸಿದರೆ ಅಲಗಿನ ತುದಿಯ ವೇಗವು ಸೆಕೆಂಡಿಗೆ ಸುಮಾರು 490 ಮೀಟರ್ ಆಗುತ್ತದೆ. 30 ಡಿಗ್ರಿ ಉಷ್ಣಾಂಶದಲ್ಲಿ ಶಬ್ದದ ವೇಗವೇ ಸೆಕೆಂಡಿಗೆ ಸುಮಾರು 349 ಮೀಟರ್. ತುದಿಯು ಶಬ್ದದ ವೇಗವನ್ನು ಸಮೀಪಿಸಿದಂತೆ ಶಕ್ತಿ ಹೆಚ್ಚೆಚ್ಚು ವ್ಯರ್ಥವಾಗಿ, ಗದ್ದಲವೂ ಹೆಚ್ಚುವುದು. ಅದೇ ಎಂಜಿನ್ನಿಗೆ 2.2ಕ್ಕೆ 1ರ ಅನುಪಾತ ನೀಡಿದಲ್ಲಿ ಪ್ರೊಪೆಲ್ಲರ್ 2500 ಸುತ್ತಿಗೆ ಇಳಿದು, ತುದಿಯ ವೇಗ ಸೆಕೆಂಡಿಗೆ 223 ಮೀಟರ್ ಆಸುಪಾಸಿಗೆ ಬರುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರೂಪಿಸಿದ ಹಂಸ-3 ವಿಮಾನದ ರೋಟಾಕ್ಸ್ 914 ಎಂಜಿನ್ನಿನಲ್ಲಿ ಈ ಅನುಪಾತ 2.43. ಅದು ಕಾರಿನ ಎಂಜಿನ್ ಅಲ್ಲ. ಎಂಜಿನ್ನಿನ ಜೊತೆಗೇ ಗೇರ್‌ಬಾಕ್ಸನ್ನೂ ವಿನ್ಯಾಸ ಮಾಡಿ, ಒಟ್ಟಿಗೆ ಪರೀಕ್ಷಿಸಿದ ಘಟಕ.

ಕೆ.ಜಿ.ಎಫ್. ಮತ್ತು ಬಂಗಾರಪೇಟೆ ಸಮುದ್ರ ಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿವೆ. 35 ಡಿಗ್ರಿ ಬಿಸಿಲಿನ ದಿನ ಇಲ್ಲಿನ ಗಾಳಿಯ ಸಾಂದ್ರತೆಯು ಪ್ರಮಾಣಿತ ಸಮುದ್ರಮಟ್ಟದ ಸಾಂದ್ರತೆಗಿಂತ ಸುಮಾರು ಶೇ. 15ರಷ್ಟು ಕಡಿಮೆ ಇರುತ್ತದೆ. ಎಂಜಿನ್ನಿನ ಶಕ್ತಿಯೂ ಪ್ರೊಪೆಲ್ಲರಿನ ಹೊರೆಯೂ ಬಹುಮಟ್ಟಿಗೆ ಒಂದೇ ಪ್ರಮಾಣದಲ್ಲಿ ಕುಗ್ಗುವುದರಿಂದ ಸುತ್ತಿನ ಮಾಪಕವು ಎಂದಿನ ಸಂಖ್ಯೆಯನ್ನೇ ತೋರಿಸುತ್ತದೆ. ಆದರೆ ನೂಕುಬಲ ಇಳಿದಿರುತ್ತದೆ. ಮಾಪಕವನ್ನು ನಂಬಿ ಓಡುದಾರಿಯ ಉದ್ದವನ್ನು ಲೆಕ್ಕ ಹಾಕುವಂತಿಲ್ಲ. ದೊಡ್ಡ ವ್ಯಾಸದ ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸುವ ಹೆಚ್ಚಿನ ಅನುಪಾತವು ಇಲ್ಲಿ ಅನುಕೂಲಕರ. ಚಕ್ರದಂಡದ ಎತ್ತರ, ಅಂದರೆ ಅಲಗಿನ ತುದಿಗೂ ನೆಲಕ್ಕೂ ಉಳಿಯುವ ಅಂತರ, ಅದಕ್ಕೆ ಮಿತಿಯನ್ನು ವಿಧಿಸುತ್ತದೆ.

ತಿರುಚು ಕಂಪನ

ಅನುಪಾತದ ಲೆಕ್ಕ ಯಾರಾದರೂ ಮಾಡಬಹುದಾದದ್ದು. ಗೇರ್‌ಬಾಕ್ಸ್‌ಗಳು ಮುರಿಯುವುದು ಸಾಮಾನ್ಯವಾಗಿ ತಿರುಚು ಕಂಪನದಿಂದ. ನಾಲ್ಕು ಸ್ಟ್ರೋಕಿನ ಎಂಜಿನ್ ಸಮನಾಗಿ ತಿರುಗುವುದಿಲ್ಲ, ಮಿಡಿಯುತ್ತದೆ: ನಾಲ್ಕು ಸಿಲಿಂಡರಿನದಾದರೆ ಪ್ರತಿ ಸುತ್ತಿಗೆ ಎರಡು ಹೊಡೆತ, ಮಾರುತಿ 800ರ 796 ಸಿಸಿ ಎಂಜಿನ್ನಿನಂತೆ ಮೂರು ಸಿಲಿಂಡರಿನದಾದರೆ ಎರಡು ಸುತ್ತಿಗೆ ಮೂರು ಹೊಡೆತ. ಒಂದು ತುದಿಯಲ್ಲಿ ಫ್ಲೈವೀಲ್, ಇನ್ನೊಂದು ತುದಿಯಲ್ಲಿ ಭಾರವಾದ ಪ್ರೊಪೆಲ್ಲರ್ ಇದ್ದು, ನಡುವಿನ ದಂಡವು ಸ್ಪ್ರಿಂಗಿನಂತೆ ವರ್ತಿಸುತ್ತದೆ. ಹೊಡೆತದ ಗತಿ ಮತ್ತು ಈ ಜೋಡಣೆಯ ಸಹಜ ಗತಿ ಒಂದಾದಾಗ, ಹಲ್ಲುಗಳ ಮೇಲೆ ಬೀಳುವ ಬಲವು ಸರಾಸರಿ ಟಾರ್ಕಿನ ಹಲವು ಪಟ್ಟಾಗಬಹುದು. 50 ಕಿಲೋವ್ಯಾಟ್ ಎಂಜಿನ್ 5500 ಸುತ್ತಿನಲ್ಲಿ ನೀಡುವ ಸರಾಸರಿ ಟಾರ್ಕ್ ಸುಮಾರು 87 ನ್ಯೂಟನ್ ಮೀಟರ್. ಕೇವಲ ಈ ಸಂಖ್ಯೆಗೆ ಹಲ್ಲಿನ ಅಳತೆ ನಿರ್ಧರಿಸಿದ ಗೇರ್ ಎಷ್ಟೇ ಒಳ್ಳೆಯ ಉಕ್ಕಿನದ್ದಾದರೂ ಭರವಸೆಗೆ ಅರ್ಹವಲ್ಲ.

ಇದು ಹೊಸ ತೊಡಕೇನೂ ಅಲ್ಲ. 1903ರಲ್ಲಿ ರೈಟ್ ಸಹೋದರರು ಚೈನು ಮತ್ತು ಹಲ್ಲುಚಕ್ರಗಳ ಮೂಲಕ ವೇಗ ತಗ್ಗಿಸಿದ್ದರು. ಎಂಜಿನ್ನಿನ ಒರಟು ಓಟಕ್ಕೆ ಅವರ ಕೊಳವೆಯಾಕಾರದ ಪ್ರೊಪೆಲ್ಲರ್ ದಂಡಗಳು ಕೆಟ್ಟು, ಡೇಟನ್‌ಗೆ ಮರಳಿ ಘನ ಉಕ್ಕಿನ ದಂಡಗಳನ್ನು ಮಾಡಿಸಿ ತಂದ ಬಳಿಕವೇ ಡಿಸೆಂಬರ್ 17ರ ಹಾರಾಟ ಸಾಧ್ಯವಾಯಿತು.

ಪರಿಹಾರವೆಂದರೆ ಕಂಪನದ ಗತಿಯನ್ನು ಬಳಕೆಯ ವೇಗದಿಂದ ಹೊರಗಿಡುವುದು. ಮೆತುವಾದ ರಬ್ಬರ್ ಜೋಡಣೆಯು ಅದನ್ನು ಐಡ್ಲಿಂಗ್‌ಗಿಂತ ಕೆಳಕ್ಕೆ ತಳ್ಳುತ್ತದೆ. ಆಗ ಎಂಜಿನ್ ಚಾಲೂ ಮಾಡುವಾಗ ಮತ್ತು ನಿಲ್ಲಿಸುವಾಗ ಮಾತ್ರ ಅದನ್ನು ದಾಟಬೇಕಾಗುತ್ತದೆ. ಐಡ್ಲಿಂಗ್ ವೇಗವನ್ನು ಕಾರಿನಲ್ಲಿದ್ದಷ್ಟೇ ಇಡಬಾರದು. ರೋಟಾಕ್ಸ್ 912ರಲ್ಲಿ ಅದು ಕನಿಷ್ಠ 1400 ಸುತ್ತು, ಮತ್ತು ಪ್ರೊಪೆಲ್ಲರಿನ ತಿರುಗು ಜಡತ್ವಕ್ಕೆ 6000 ಕಿ.ಗ್ರಾಂ. ಚದರ ಸೆಂ.ಮೀ. ಎಂಬ ಮಿತಿಯೂ ಇದೆ. ಹಗುರ ಮರದ ಪ್ರೊಪೆಲ್ಲರ್ ಹಾಕಿ ಪರೀಕ್ಷಿಸಿದ ಗೇರ್‌ಬಾಕ್ಸ್‌ಗೆ ತರುವಾಯ ಲೋಹದ ಪ್ರೊಪೆಲ್ಲರ್ ಜೋಡಿಸಿದಲ್ಲಿ ಹಿಂದಿನ ಪರೀಕ್ಷೆಯನ್ನು ಮಾನ್ಯವೆಂದು ಪರಿಗಣಿಸಲಾಗದು.

ಯಾವ ಬಗೆ ಸೂಕ್ತ

ಹಲ್ಲುಳ್ಳ ಬೆಲ್ಟಿಗೆ ಎಣ್ಣೆ ಬೇಡ, ಕೆಟ್ಟರೆ ಕಣ್ಣಿಗೆ ಕಾಣುತ್ತದೆ, ತಿರುಗುವ ದಿಕ್ಕೂ ಬದಲಾಗದು. ಆದರೆ ಅದರ ಬಿಗಿತವು ಕ್ರ್ಯಾಂಕ್‌ಶಾಫ್ಟನ್ನು ಒಂದು ಪಕ್ಕಕ್ಕೆ ಎಳೆಯುವುದರಿಂದ ಹೊರಗಡೆ ಇನ್ನೊಂದು ಬೇರಿಂಗ್ ಒದಗಿಸಬೇಕು. ಎರಡು ಗೇರ್‌ಗಳ ಜೋಡಿ ಅಡಕವಾಗಿರುತ್ತದೆ, ದಿಕ್ಕನ್ನು ಮಾತ್ರ ತಿರುಗುಮುರುಗು ಮಾಡುತ್ತದೆ. ಪ್ರೊಪೆಲ್ಲರನ್ನು ಅದಕ್ಕೆ ತಕ್ಕಂತೆ ಖರೀದಿಸಬೇಕು. ನಿಖರವಾಗಿ 2 ಅಥವಾ 3ರ ಅನುಪಾತದಲ್ಲಿ ಅದದೇ ಹಲ್ಲುಗಳು ಮತ್ತೆ ಮತ್ತೆ ಸಂಧಿಸುವುದರಿಂದ 19ಕ್ಕೆ 43ರಂತಹ ಹಲ್ಲಿನ ಸಂಖ್ಯೆ ಮೇಲು. ಬೆಲ್ಟಾಗಲಿ ಗೇರಾಗಲಿ, ಪ್ರೊಪೆಲ್ಲರಿನ ನೂಕುಬಲವನ್ನು ಗೇರ್‌ಬಾಕ್ಸಿನ ಬೇರಿಂಗ್‌ಗಳೇ ಹೊರಬೇಕು. ಕಾರಿನ ಕ್ರ್ಯಾಂಕ್‌ಶಾಫ್ಟ್ ಅದಕ್ಕಾಗಿ ರಚಿತವಾದದ್ದಲ್ಲ.

ಕಾರಿನ ಗೇರ್‌ಬಾಕ್ಸನ್ನೇ ಎರಡನೇ ಗೇರಿನಲ್ಲಿರಿಸಿ ಬಳಸುವ ಆಲೋಚನೆಯನ್ನು ಕೈಬಿಡುವುದು ಲೇಸು. ಕಾರಿನಲ್ಲಿ ಆ ಗೇರು ಪೂರ್ಣ ಶಕ್ತಿ ಹೊರುವುದು ಕೆಲವು ಸೆಕೆಂಡು ಮಾತ್ರ. ವಿಮಾನದಲ್ಲಿ ಹೆಚ್ಚಿನ ಶಕ್ತಿಯನ್ನು ಗಂಟೆಗಟ್ಟಲೆ ಹೊರಬೇಕಾಗುತ್ತದೆ.

ಅದೇ ಎಂಜಿನ್, ಅದೇ ತೂಕದ ಪ್ರೊಪೆಲ್ಲರಿನೊಂದಿಗೆ ಈಗಾಗಲೇ ಹಾರಿರುವ ಗೇರ್‌ಬಾಕ್ಸ್ ದೊರೆತಲ್ಲಿ, ಬೆಲೆ ಹೆಚ್ಚೆನಿಸಿದರೂ, ಅದನ್ನೇ ಆಯ್ದುಕೊಳ್ಳತಕ್ಕದ್ದು. ಹಾರಾಟಕ್ಕೆ ಮುನ್ನ ಭದ್ರವಾದ ಕಟ್ಟಿನಲ್ಲಿ, ಹಾರಾಟದ ಪ್ರೊಪೆಲ್ಲರನ್ನೇ ಜೋಡಿಸಿ, ಎಲ್ಲ ವೇಗಗಳಲ್ಲೂ ದೀರ್ಘಕಾಲ ಓಡಿಸಿ, ಆನಂತರ ಬಿಚ್ಚಿ ನೋಡಬೇಕು. ಎಣ್ಣೆಯ ಆಯಸ್ಕಾಂತದ ಪ್ಲಗ್‌ನಲ್ಲಿ ಉಕ್ಕಿನ ಚಕ್ಕೆಗಳು ಅಥವಾ ಸ್ಪ್ಲೈನ್‌ಗಳಲ್ಲಿ ತುಕ್ಕು ಬಣ್ಣದ ಪುಡಿ ಕಂಡುಬಂದಲ್ಲಿ ಅಂತಹ ಗೇರ್‌ಬಾಕ್ಸನ್ನು ಹಾರಾಟಕ್ಕೆ ಬಳಸಬಾರದು.

ಅನುಮತಿ

ವಿಮಾನಯಾನವು ಸಂವಿಧಾನದ ಕೇಂದ್ರ ಪಟ್ಟಿಗೆ ಸೇರಿದ ವಿಷಯ. 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ, 2024 ಜಾರಿಯಲ್ಲಿದ್ದು, ನೋಂದಣಿ ಹಾಗೂ ಹಾರಾಟ ಯೋಗ್ಯತೆಯ ವಿಷಯದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೇ (ಡಿ.ಜಿ.ಸಿ.ಎ.) ಸಕ್ಷಮ ಪ್ರಾಧಿಕಾರವಾಗಿರುತ್ತದೆ. ತಾಲ್ಲೂಕು ಕಚೇರಿ, ನಗರಸಭೆ ಅಥವಾ ಪೊಲೀಸ್ ಠಾಣೆಯ ಪತ್ರವು ಇದಕ್ಕೆ ಬದಲಿಯಾಗದು. ನಿರ್ಮಾಣ ಮುಗಿದ ಮೇಲೆ ಅರ್ಜಿ ಹಾಕುವ ಬದಲು, ಗೇರ್‌ಬಾಕ್ಸ್ ಖರೀದಿಗೂ ಮುನ್ನವೇ ಡಿ.ಜಿ.ಸಿ.ಎ.ಯ ಬೆಂಗಳೂರು ಕಚೇರಿಯೊಂದಿಗೆ ಸಮಾಲೋಚಿಸುವುದು ಸೂಕ್ತ. ಗೇರಿನ ಉಕ್ಕಿನ ದರ್ಜೆ, ಹದಗೊಳಿಸಿದ ವಿಧಾನ, ನೆಲದ ಪರೀಕ್ಷೆಯ ಗಂಟೆಗಳು ಮತ್ತು ಬಿಚ್ಚಿ ನೋಡಿದಾಗ ಕಂಡ ಅಂಶಗಳನ್ನು ದಿನಾಂಕಸಹಿತ ದಾಖಲಿಸಿ, ಛಾಯಾಚಿತ್ರಗಳೊಂದಿಗೆ ಇಟ್ಟುಕೊಳ್ಳಬೇಕೆಂದು ಅರ್ಜಿದಾರರಿಗೆ ಸೂಚಿಸಲಾಗಿದೆ.