ಬಾಲರಕ್ಷಣೆಯ ಕಾಯದೆಗಳೂ ಭಯದ ಸ್ಥಾನನಿರ್ಣಯವೂ

ಮಕ್ಕಳ ಮೇಲೆ ನಡೆಯುವ ಲೈಂಗಿಕ ಅತ್ಯಾಚಾರದ ಭಯವು ಎಲ್ಲಿಂದ ಬರುವದೆಂದು ಕೇಳಿದರೆ, ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಗಳ ಗೃಹಸ್ಥರಲ್ಲಿ ಬಹುಜನರು ಅಪರಿಚಿತನ ಕಡೆಗೆ ಬೆರಳು ತೋರಿಸುವರು. ಬನಶಂಕರಿಯ ಜಾತ್ರೆಯಲ್ಲಿ ಮಗುವಿನ ಕೈಯನ್ನು ಬಿಗಿಯಾಗಿ ಹಿಡಿದ ತಾಯಿಯೇ, ಮರುದಿನ ಅದನ್ನು ಪರಿಚಿತರ ಮನೆಯಲ್ಲಿ ನಿಶ್ಚಿಂತೆಯಿಂದ ಬಿಟ್ಟುಬರುವಳು. ಈ ನಿಶ್ಚಿಂತೆಗೆ ಪ್ರಮಾಣವುಂಟೇ ಎಂಬದನ್ನು ಕಾಯದೆಗಳ ಇತಿಹಾಸದಿಂದ ಪರಿಶೀಲಿಸುವದೇ ಪ್ರಕೃತ ಲೇಖನದ ಉದ್ದೇಶವು.

ಈ ಪ್ರಾಂತವು ಮುಂಬಯಿ ಇಲಾಖೆಯಲ್ಲಿದ್ದ ಕಾಲದಿಂದ ಆರಂಭಿಸೋಣ. ೧೮೬೦ರ ದಂಡಸಂಹಿತೆಯು ಬಾಲಿಕೆಯ ಸಮ್ಮತಿಯ ವಯಸ್ಸನ್ನು ಹತ್ತು ವರ್ಷವೆಂದು ಗೊತ್ತುಪಡಿಸಿತ್ತು. ೧೮೯೦ರಲ್ಲಿ ಕಲಕತ್ತೆಯ ಫುಲ್‌ಮಣಿ ಎಂಬ ಬಾಲಿಕೆಯು ಪತಿಯಿಂದಾದ ಗಾಯದಿಂದ ಮೃತಳಾಗಲು, ಮರುವರ್ಷ ಈ ಮಿತಿಯನ್ನು ಹನ್ನೆರಡಕ್ಕೇರಿಸಿದರು. ಪತಿಯೂ ಇದಕ್ಕೆ ಹೊರತಾಗಲಿಲ್ಲ. ೧೯೩೪ರಲ್ಲಿ ಮುಂಬಯಿಯ ದೇವದಾಸೀ ರಕ್ಷಣ ಕಾಯದೆಯು ಹುಟ್ಟಿತು. ಕನ್ಯೆಯನ್ನು ದೇವರಿಗೆ ಬಿಡುವವರು ಹೊರಗಿನವರಲ್ಲ, ಆಕೆಯ ಮನೆಯ ಹಿರಿಯರೇ. ಅಂತೆಯೇ ೧೯೮೨ರ ಕರ್ನಾಟಕದ ಕಾಯದೆಯು ಇತರರಿಗೆ ಮೂರು ವರ್ಷಗಳವರೆಗೆ ಸೆರೆಯನ್ನು ವಿಧಿಸಿ, ತಂದೆತಾಯಿ, ಪಾಲಕ, ಬಂಧುಗಳಿಗೆ ಎರಡಕ್ಕೆ ಕಡಿಮೆಯಿಲ್ಲದಂತೆ ಐದು ವರ್ಷಗಳವರೆಗೆ ವಿಧಿಸಿತು. ೨೦೧೨ರ ಪೋಕ್ಸೋ ಕಾಯದೆಯು ಹದಿನೆಂಟು ತುಂಬದ ಗಂಡುಹೆಣ್ಣುಮಕ್ಕಳೆಲ್ಲರನ್ನೂ ರಕ್ಷಿಸುವದು. ಬಂಧುವೂ, ಶಾಲೆ ಅಥವಾ ಧಾರ್ಮಿಕ ಸಂಸ್ಥೆಯ ಸಿಬ್ಬಂದಿಯೂ ಎಸಗಿದ ಅಪರಾಧವನ್ನು ಅದು ಹೆಚ್ಚು ಘೋರವೆಂದೆಣಿಸುವದು. ಹೀಗೆ ಕಾಯದೆಯು ಪ್ರತಿಸಲವೂ ವಿಶ್ವಾಸದ ವಲಯದೊಳಗೇ ಭಯವನ್ನು ಕಂಡಿದೆ.

ಅಂಕಿಗಳೂ ಇದನ್ನೇ ಹೇಳುವವು. ಕೇಂದ್ರ ಸರಕಾರವು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ೧೨,೪೪೭ ಮಕ್ಕಳನ್ನು ವಿಚಾರಿಸಲಾಗಿತ್ತು. ನೂರಕ್ಕೆ ೫೩ ಮಕ್ಕಳು ಯಾವದಾದರೊಂದು ಬಗೆಯ ಲೈಂಗಿಕ ಪೀಡೆಯನ್ನು ಹೇಳಿಕೊಂಡರು. ಪೀಡಕರಲ್ಲಿ ಅರ್ಧದಷ್ಟು ಜನರು ಮಗುವಿಗೆ ಪರಿಚಿತರು, ಇಲ್ಲವೆ ವಿಶ್ವಾಸದ ಸ್ಥಾನದಲ್ಲಿದ್ದವರು. ಬೀದಿಯ ಮಕ್ಕಳೂ ದುಡಿಯುವ ಮಕ್ಕಳೂ ಇದರಲ್ಲಿ ಸೇರಿದ್ದರಿಂದ ಈ ಪ್ರಮಾಣವನ್ನು ಎಲ್ಲ ಮನೆಗಳಿಗೂ ಹೊಂದಿಸಲಾಗದು.

ಇಲ್ಲಿ ತರ್ಕದೋಷವೊಂದನ್ನು ವರ್ಜಿಸಬೇಕು. ಪೀಡಕರಲ್ಲಿ ಅರ್ಧದಷ್ಟು ಜನ ಪರಿಚಿತರೆಂದ ಮಾತ್ರಕ್ಕೆ ಪರಿಚಿತರಲ್ಲಿ ಅರ್ಧದಷ್ಟು ಜನ ಪೀಡಕರೆಂದಾಗದು. ಹೊಗೆಯಿದ್ದಲ್ಲಿ ಬೆಂಕಿಯುಂಟು, ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲವೆಂಬದಕ್ಕೆ ಕಾದ ಕಬ್ಬಿಣದ ಗುಂಡಿನ ದೃಷ್ಟಾಂತವು ತಾರ್ಕಿಕರಲ್ಲಿ ಪ್ರಸಿದ್ಧವಷ್ಟೆ. ಪರಿಚಯವು ದೋಷಕ್ಕೂ ಹೇತುವಲ್ಲ, ನಿರ್ದೋಷತ್ವಕ್ಕೂ ಹೇತುವಲ್ಲ.

ಆದದ್ದರಿಂದ ತಂದೆತಾಯಿಗಳು ಪರೀಕ್ಷಿಸತಕ್ಕದ್ದು ಮನುಷ್ಯನ ಮುಖವನ್ನಲ್ಲ, ಸಂದರ್ಭವನ್ನು. ಮಗುವು ಯಾರೊಡನೆ ಏಕಾಂತದಲ್ಲಿರುವದು? ಅದರ ಮೇಲೆ ಅವರ ಅಧಿಕಾರವೆಷ್ಟು? ಮನೆಯಲ್ಲಿ ಹೇಳಬೇಡವೆಂಬ ಗುಟ್ಟು, ಕಾರಣವಿಲ್ಲದ ಉಡುಗೊರೆ ಇವೆಯೇ? ಈ ಮೂರೂ ಕೂಡಿದಲ್ಲಿ ಎಚ್ಚರವು ಅವಶ್ಯವು. ಮಕ್ಕಳನ್ನು ಬಂಧುಗಳಲ್ಲಿ ಬಿಟ್ಟು ಗುಳೆ ಹೋಗುವ ನಮ್ಮ ಕಡೆಯ ಕುಟುಂಬಗಳಿಗೆ ಈ ಪ್ರಶ್ನೆಗಳು ಹೆಚ್ಚು ಸಲ್ಲುವವು. ಮಗುವು ಒಂದು ಮನೆಗೆ ಹೋಗಲು ಒಮ್ಮೆಲೆ ಒಲ್ಲೆನೆಂದರೆ ಅದು ಸಿದ್ಧಾಂತವಲ್ಲ. ಶಾಂತವಾಗಿ ವಿಚಾರಿಸಲು ಸಾಕಾದ ಕಾರಣವು ಮಾತ್ರ. ಮಗುವು ಬಾಯಿಬಿಟ್ಟು ಹೇಳಿದರೆ ಅದನ್ನು ಗದರಿಸದೆ ಕೇಳಬೇಕು. ಅಪರಾಧವು ತಿಳಿದ ಮೇಲೆ ಪೋಲೀಸರಿಗೆ ಅರುಹುವದು ೨೦೧೨ರ ಕಾಯದೆಯಂತೆ ಕರ್ತವ್ಯವು. ೧೦೯೮ ಎಂಬ ದೂರವಾಣಿಯಲ್ಲಿಯೂ ಸಹಾಯವು ದೊರೆಯುವದು.

ಮನೆತನದ ಮಾನಕ್ಕಂಜಿ ಮುಚ್ಚಿಟ್ಟ ಮಾತುಗಳಿಂದಲೇ ಒಂದೊಂದು ಕಾಯದೆಯೂ ತಡವಾಗಿ ಬಂದಿತು. ಕಾಯದೆಯು ತಡವಾಗಿಯಾದರೂ ಬಂದೀತು. ಬಾಲ್ಯವು ಮರಳಿ ಬಾರದು.